ಜಾಮೀನಿಗೆ ಜಮೀನು ಬೇಕೇ?

ಗೌರಿಬಿದನೂರಿನ ಕೋರ್ಟಿನ ಅಂಗಳವಿರಲಿ, ಚಿಂತಾಮಣಿಯದಿರಲಿ, ಶಿಡ್ಲಘಟ್ಟದ್ದಿರಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ನಿಂತರೆ ಕಿವಿಗೆ ಬೀಳುವ ಪ್ರಶ್ನೆ ಒಂದೇ: 'ಪಹಣಿ ತಂದಿದ್ದೀರಾ?' ಕೇಳುವವರು ಕರಿಕೋಟಿನವರು. ಕೇಳಿಸಿಕೊಂಡವರು ಪ್ಲಾಸ್ಟಿಕ್ ಚೀಲದೊಳಗಿಂದ ಮಡಿಕೆ ಬಿದ್ದ ಕಾಗದ ತೆಗೆದು ಕೊಡುತ್ತಾರೆ. ತರದಿದ್ದವರು ಹುಣಸೆಮರದ ಕೆಳಗೋ ಟೀ ಅಂಗಡಿಯ ಬೆಂಚಿನ ಮೇಲೋ ಕೂತು ಪಹಣಿ ಇರುವ ನೆಂಟರನ್ನು ನೆನಪಿಸಿಕೊಳ್ಳುತ್ತಾರೆ.

ಕನ್ನಡದಲ್ಲಿ ಜಮೀನಿಗೂ ಜಾಮೀನಿಗೂ ಇರುವ ಅಂತರ ಒಂದು ದೀರ್ಘ ಮಾತ್ರ. ಎರಡೂ ಪರಸ್ಥಳದಿಂದ ಬಂದ ಪದಗಳು. ಜಮೀನು ಎಂದರೆ ನೆಲ, ಅದು ಪಾರಸಿಯದು. ಜಾಮೀನು ಎಂದರೆ ಇನ್ನೊಬ್ಬನಿಗಾಗಿ ಹೊಣೆ ನಿಲ್ಲುವವನು, ಅದು ಅರಬ್ಬಿಯದು. ಹುಟ್ಟಿನಲ್ಲಿ ಸಂಬಂಧವೇ ಇಲ್ಲದ ಈ ಎರಡು ಪದಗಳು ಕೋರ್ಟಿನ ಅಂಗಳದಲ್ಲಿ ಮಾತ್ರ ಗಂಟು ಬಿದ್ದಿವೆ. ನೆಲ ಇದ್ದವನು ಹೊಣೆ ನಿಲ್ಲಬಲ್ಲ, ನೆಲವಿಲ್ಲದವನ ಮಾತಿಗೆ ಬೆಲೆಯಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕಾನೂನು ಹಾಗೆ ಹೇಳುತ್ತದೆಯೇ?

ಅದನ್ನು ತಿಳಿಯಲು ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಗೌರಿಬಿದನೂರಿನ ಹತ್ತೊಂಬತ್ತು ವರ್ಷದ ಹುಡುಗ, ಬಿ.ಕಾಂ. ಎರಡನೆಯ ವರ್ಷ. ಅಪ್ಪನದು ಗಾರೆ ಕೆಲಸ, ಅಮ್ಮ ಮನೆಗೆಲಸಕ್ಕೆ ಹೋಗುತ್ತಾಳೆ. ಸಂಜೆ ಮೈದಾನದಲ್ಲಿ ಕ್ರಿಕೆಟ್ಟು, ಔಟೋ ಅಲ್ಲವೋ ಎಂಬ ಜಗಳ, ಕೈಕೈ ಮಿಲಾಯಿಸಿತು. ಆ ಗದ್ದಲದಲ್ಲಿ ಯಾರದೋ ಬ್ಯಾಟು ಯಾರದೋ ತಲೆಗೆ ತಗುಲಿತು. ಏಳು ಹೊಲಿಗೆ. ರಾತ್ರಿ ಹತ್ತಕ್ಕೆ ಜೀಪು ಮನೆಮುಂದೆ ನಿಂತಿತು.

ಮುಂದಿನದೆಲ್ಲ ನಿಂತಿರುವುದು ಆ ರಾತ್ರಿ ದೂರಿನಲ್ಲಿ ಏನು ಬರೆಯಲಾಯಿತು ಎಂಬುದರ ಮೇಲೆ. ಕೈಯಿಂದ ಹೊಡೆದು ಸಾಧಾರಣ ಗಾಯ ಮಾಡಿದ್ದು ಎಂದಾದರೆ ಅದು ಜಾಮೀನು ಸಿಗುವ ಅಪರಾಧ. ಅಂಥ ಅಪರಾಧದಲ್ಲಿ ಜಾಮೀನು ಯಾರ ಕೃಪೆಯೂ ಅಲ್ಲ, ಹಕ್ಕು. ಠಾಣೆಯಲ್ಲೇ ಕೊಡಬೇಕು. ಕೊಡಲು ಜನ ಸಿಗದೆ ಒಂದು ವಾರ ಕಳೆದರೆ ಅವನನ್ನು ಬಡವನೆಂದೇ ಭಾವಿಸಿ ಅವನದೇ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾನೂನಿನಲ್ಲೇ ಬರೆದಿದೆ. ಅದೇ ಪೆಟ್ಟನ್ನು 'ಕೊಲ್ಲುವ ಉದ್ದೇಶದಿಂದ ಬ್ಯಾಟಿನಿಂದ ತಲೆಗೆ' ಎಂದು ಬರೆದರೆ ಅದು ಕೊಲೆಯತ್ನವಾಗುತ್ತದೆ. ಪೆಟ್ಟು ಒಂದೇ, ಹೊಲಿಗೆಯೂ ಏಳೇ. ಆದರೆ ಈಗ ಜೀವಾವಧಿಯವರೆಗೂ ಹೋಗಬಹುದಾದ ಆರೋಪ. ದೂರು ಬರೆಯುವಾಗ ಎರಡು ಕಡೆಯವರೂ ಸಿಟ್ಟಿನಲ್ಲಿರುತ್ತಾರೆ. ಸಿಟ್ಟು ಇಳಿದ ಮೇಲೆ ಅಕ್ಷರ ಅಳಿಸಲು ಬರುವುದಿಲ್ಲ. ನಮೂನೆಯಾಗಿ ತೆಗೆದುಕೊಂಡ ಈ ಹುಡುಗನ ಮೇಲೆ ಎರಡನೆಯ ಬಗೆಯ ದೂರೇ ದಾಖಲಾಯಿತೆಂದು ಇಟ್ಟುಕೊಳ್ಳಿ.

ಹೀಗೆ ಬಂಧಿಸಿದವನನ್ನು ಪ್ರಯಾಣದ ವೇಳೆ ಬಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೆಯ ವಿಧಿಯ ಮಾತು, ಇನ್ಸ್‌ಪೆಕ್ಟರರ ಔದಾರ್ಯವಲ್ಲ. ಶುಕ್ರವಾರ ಸಂಜೆ ಹಿಡಿದರೆ ಸೋಮವಾರದ ತನಕ ಠಾಣೆಯಲ್ಲೇ ಇಟ್ಟುಕೊಳ್ಳಬಹುದು ಎಂದು ಊರಲ್ಲಿ ಹೇಳುವವರಿದ್ದಾರೆ. ಸುಳ್ಳು. ಭಾನುವಾರವಾದರೆ ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ಯಬೇಕು, ಯುಗಾದಿಯಾದರೂ ಅಷ್ಟೇ. ಬಂಧನಕ್ಕೆ ಕಾರಣವೇನೆಂದು ಹುಡುಗನಿಗೆ ಹೇಳಬೇಕು, ಎಲ್ಲಿಟ್ಟಿದ್ದೇವೆಂದು ಮನೆಯವರಿಗೆ ತಿಳಿಸಬೇಕು, ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಇವೆಲ್ಲ ಹಿಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ 1996ರ ಡಿ.ಕೆ. ಬಸು ತೀರ್ಪಿನಲ್ಲೂ ಇದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇವೆ. ಹೆಸರು ಬದಲಾಯಿತು, ಕಲಮುಗಳ ಸಂಖ್ಯೆ ಬದಲಾಯಿತು. ಹಳೆಯ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ವಕೀಲರ ಗುಮಾಸ್ತರಿಗೆ ಒಂದಷ್ಟು ದಿನ ತಲೆಬಿಸಿಯಾಯಿತು.

ಏಳು ವರ್ಷದೊಳಗಿನ ಶಿಕ್ಷೆಯ ಆರೋಪವಾಗಿದ್ದರೆ ಮೊದಲು ಬಂಧನವೇ ಬೇಕಿಲ್ಲ. ಬಂದು ಹಾಜರಾಗು ಎಂದು ನೋಟಿಸು ಕೊಟ್ಟರೆ ಸಾಕು, ಬಂಧಿಸಲೇಬೇಕಾದರೆ ಏಕೆಂದು ಬರೆದಿಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ನೋಟಿಸು ಬಂದಾಗ ಹೆದರಿ ಮಗನನ್ನು ಬೆಂಗಳೂರಿನ ಅತ್ತೆಮನೆಗೆ ಕಳಿಸುವ ತಂದೆತಾಯಿಗಳು ತಾವೇ ಬಂಧನಕ್ಕೆ ದಾರಿ ಮಾಡಿಕೊಡುತ್ತಾರೆ. ನೋಟಿಸಿಗೆ ಹಾಜರಾಗದವನನ್ನು ಬಂಧಿಸಬಹುದು.

ಕೊಲೆಯತ್ನದ ಆರೋಪಕ್ಕೆ ಆ ರಕ್ಷಣೆಯಿಲ್ಲ. ಗೌರಿಬಿದನೂರಿನ ಮ್ಯಾಜಿಸ್ಟ್ರೇಟರು ಕಾಗದ ನೋಡಿ, ಹುಡುಗನನ್ನು ನೋಡಿ, ಪೊಲೀಸರು ಹೊಡೆದರೇ ಎಂದು ಕೇಳಿ, ನ್ಯಾಯಾಂಗ ಬಂಧನಕ್ಕೆ ಬರೆಯುತ್ತಾರೆ. ಇಲ್ಲಿ ಎರಡು ಬಗೆಯ ಬಂಧನವನ್ನು ಬೇರ್ಪಡಿಸಿ ನೋಡಬೇಕು. ಪೊಲೀಸ್ ವಶವೆಂದರೆ ಠಾಣೆಯಲ್ಲಿ ತನಿಖಾಧಿಕಾರಿಯ ಕೈಯಲ್ಲಿ ಇರುವುದು. ಅದು ಒಟ್ಟು ಹದಿನೈದು ದಿನ ಮೀರುವಂತಿಲ್ಲ. ಮೊದಲು ಆ ಹದಿನೈದು ದಿನ ಬಂಧನದ ಆರಂಭದಲ್ಲೇ ಮುಗಿಯಬೇಕಿತ್ತು. ಹೊಸ ಸಂಹಿತೆಯಲ್ಲಿ ಮೊದಲ ನಲವತ್ತು ಅಥವಾ ಅರವತ್ತು ದಿನಗಳಲ್ಲಿ ಬಿಡಿಬಿಡಿಯಾಗಿಯೂ ಕೇಳಬಹುದು. ಜೈಲಿಗೆ ಹೋದವನನ್ನು ಮತ್ತೆ ಠಾಣೆಗೆ ಕರೆತರಬಹುದೆಂದರೆ ಮನೆಯವರ ನಿದ್ದೆ ಇನ್ನಷ್ಟು ದಿನ ಕೆಟ್ಟಿತು ಎಂದೇ ಅರ್ಥ. ನ್ಯಾಯಾಂಗ ಬಂಧನವೆಂದರೆ ಜೈಲು. ಅಲ್ಲಿ ಅವನು ಕೋರ್ಟಿನ ಆಸ್ತಿ, ಪೊಲೀಸರದಲ್ಲ. ಅಲ್ಲಿರುವವನಿಗೆ ಶಿಕ್ಷೆಯಾಗಿಲ್ಲ, ವಿಚಾರಣೆಯೇ ಶುರುವಾಗಿಲ್ಲ. 'ಜೈಲಿಗೆ ಹೋದ' ಎಂದ ಕೂಡಲೇ ತಪ್ಪು ಸಾಬೀತಾಯಿತೆಂದು ಕಾಲೇಜಿನ ಕಾರಿಡಾರು ತೀರ್ಮಾನಿಸಿಬಿಡುತ್ತದೆ.

ಇನ್ನು ಲೆಕ್ಕವೆಲ್ಲ ದಿನಗಳದ್ದು. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆ, ಜೀವಾವಧಿ, ಮರಣದಂಡನೆಯ ಆರೋಪವಾದರೆ ತೊಂಬತ್ತು ದಿನ, ಉಳಿದುದಕ್ಕೆ ಅರವತ್ತು ದಿನ. ಅಷ್ಟರಲ್ಲಿ ಪೊಲೀಸರು ಚಾರ್ಜ್‌ಶೀಟು ಹಾಕದಿದ್ದರೆ ಹುಡುಗನಿಗೆ ಜಾಮೀನು ಕೇಳುವ ಹಕ್ಕು ತಾನಾಗಿ ಹುಟ್ಟುತ್ತದೆ. ಆರೋಪ ಎಷ್ಟು ಘೋರವೆಂದು ಆಗ ಯಾರೂ ನೋಡುವಂತಿಲ್ಲ. ಹಕ್ಕು ತಾನಾಗಿ ಹುಟ್ಟಿದರೂ ಜಾಮೀನು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಗಡುವು ಮುಗಿದ ಮರುದಿನ ಬೆಳಿಗ್ಗೆ ವಕೀಲರು ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟು ಒಳಗೆ ಹೋದರೆ ಹಕ್ಕು ಅಲ್ಲಿಗೇ ಮುಗಿಯಿತು. ದಿನ ಎಣಿಸುವುದು ಹಿಡಿದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಬಂಧನಕ್ಕೆ ಬರೆದ ದಿನದಿಂದ. ಆ ದಿನವನ್ನೂ ಸೇರಿಸಿಯೇ ಎಣಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಡುವುದು ತಂದೆತಾಯಿ ಮಾಡಬಹುದಾದ ದೊಡ್ಡ ಸಹಾಯ.

ಈ ತೊಂಬತ್ತು ದಿನಗಳ ಲೆಕ್ಕ ಒಬ್ಬ ವಿದ್ಯಾರ್ಥಿಯನ್ನು ಹೊರತಂದದ್ದು ಕರ್ನಾಟಕದಲ್ಲೇ ನಡೆದಿದೆ. 2012ರ ಮಾರ್ಚಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಆದಿವಾಸಿ ಯುವಕ, ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮದ ವಿದ್ಯಾರ್ಥಿ ವಿಠ್ಠಲ ಮಲೆಕುಡಿಯ ಅವರನ್ನೂ ಅವರ ತಂದೆ ಲಿಂಗಪ್ಪ ಅವರನ್ನೂ ನಕ್ಸಲರಿಗೆ ನೆರವಾದರೆಂದು ಬಂಧಿಸಲಾಯಿತು. ಹಾಕಿದ್ದು ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆ. ಅದರಡಿ ಜಾಮೀನೆಂಬುದು ಸೂಜಿಕಣ್ಣು. ಸಾಕ್ಷ್ಯವೆಂದು ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗರ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಕರ್ಯ ಬರುವ ತನಕ ಚುನಾವಣೆ ಬಹಿಷ್ಕರಿಸಬೇಕೆಂಬ ಕಾಗದ ಇದ್ದವು. ಜೈಲಿನಿಂದ ಕೋಳ ಹಾಕಿ ಪರೀಕ್ಷೆಗೆ ಕರೆತಂದದ್ದು ಆಗ ರಾಜ್ಯವೆಲ್ಲ ಮಾತಾಡಿದ ಸುದ್ದಿ. ತಿಂಗಳುಗಳ ಮೇಲೆ ತಂದೆ ಮಗ ಹೊರಬಂದದ್ದು ತೊಂಬತ್ತು ದಿನಗಳಲ್ಲಿ ಚಾರ್ಜ್‌ಶೀಟು ಬರಲಿಲ್ಲವೆಂಬ ಕಾರಣಕ್ಕೆ. ವಿಚಾರಣೆ ಮುಗಿದು ಇಬ್ಬರೂ ನಿರ್ದೋಷಿಗಳೆಂದು ಮಂಗಳೂರಿನ ನ್ಯಾಯಾಲಯ ತೀರ್ಪು ಕೊಟ್ಟದ್ದು 2021ರ ಅಕ್ಟೋಬರಿನಲ್ಲಿ. ಭಗತ್ ಸಿಂಗರ ಪುಸ್ತಕ ಇಟ್ಟುಕೊಳ್ಳುವುದು, ಪತ್ರಿಕೆ ಓದುವುದು ಅಪರಾಧವಲ್ಲವೆಂದು ತೀರ್ಪಿನಲ್ಲಿತ್ತು. ಒಂಬತ್ತು ವರ್ಷ. ಜಾಮೀನು ಸಿಗದೆ ಹೋಗಿದ್ದರೆ ಆ ಒಂಬತ್ತು ವರ್ಷ ಎಲ್ಲಿ ಕಳೆಯುತ್ತಿತ್ತು ಎಂದು ಯೋಚಿಸಿದರೆ ಜಾಮೀನು ಏಕಿದೆಯೆಂಬುದು ತಿಳಿಯುತ್ತದೆ. ಪದವಿ ಮುಗಿಸಿ ಅವರು ಪತ್ರಕರ್ತರಾದದ್ದು ಮೊಕದ್ದಮೆ ತಲೆಯ ಮೇಲಿದ್ದಾಗಲೇ.

ಗೌರಿಬಿದನೂರಿನ ಹುಡುಗನ ಅಪ್ಪ ಮಾತ್ರ ತೊಂಬತ್ತು ದಿನ ಕಾಯಲಾರ. ಸೆಮಿಸ್ಟರ್ ಪರೀಕ್ಷೆಗೆ ಉಳಿದಿರುವುದೇ ನಲವತ್ತು ದಿನ. ಜೀವಾವಧಿಯ ಆರೋಪದಲ್ಲಿ ಜಾಮೀನು ಕೊಡಲು ಮ್ಯಾಜಿಸ್ಟ್ರೇಟರ ಕೈ ಬಹುಮಟ್ಟಿಗೆ ಕಟ್ಟಿರುತ್ತದೆ, ಹೆಂಗಸರು, ಮಕ್ಕಳು, ರೋಗಿಗಳ ವಿಷಯದಲ್ಲಿ ಸಡಿಲಿಕೆಯುಂಟು. ಹಾಗಾಗಿ ಚಿಕ್ಕಬಳ್ಳಾಪುರದ ಜಿಲ್ಲಾ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬೇಕು. 2007ರಲ್ಲಿ ಜಿಲ್ಲೆ ಬೇರೆಯಾಗುವ ಮೊದಲು ಗೌರಿಬಿದನೂರಿನವರ ಜಿಲ್ಲಾ ಕೇಂದ್ರ ಕೋಲಾರವಾಗಿತ್ತು. ಬಸ್ಸು ಬದಲಿಸಿ ಹೋಗಿಬರುವುದರಲ್ಲಿ ಒಂದು ದಿನದ ಕೂಲಿ ಕರಗುತ್ತಿತ್ತು.

ಸೆಷನ್ಸ್ ಕೋರ್ಟಿನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ವಕೀಲರು ತಕರಾರು ಹಾಕುತ್ತಾರೆ. ಅದು ಅವರ ಕೆಲಸ, ಅದಕ್ಕೆ ಬೇಸರ ಪಡಬೇಕಿಲ್ಲ. ಸಾಧಾರಣ ಜಾಮೀನು ಅರ್ಜಿಗಳನ್ನು ಎರಡು ವಾರದಲ್ಲಿ ಮುಗಿಸಬೇಕೆಂದು 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪು ಹೇಳುತ್ತದೆ. ನ್ಯಾಯಾಧೀಶರು ಅಲ್ಲಿ ಹುಡುಗ ಹೊಡೆದನೋ ಇಲ್ಲವೋ ಎಂದು ತೀರ್ಮಾನಿಸಲು ಕೂತಿರುವುದಿಲ್ಲ. ಇವನನ್ನು ಬಿಟ್ಟರೆ ಓಡಿಹೋದಾನೇ, ಸಾಕ್ಷಿಗಳನ್ನು ಬೆದರಿಸಿಯಾನೇ, ಇದೇ ಕೆಲಸ ಮತ್ತೆ ಮಾಡಿಯಾನೇ ಎಂದು ತೂಗಿ ನೋಡುತ್ತಾರೆ. ಆರೋಪದ ಗಂಭೀರತೆಯೂ ತಕ್ಕಡಿಯಲ್ಲಿ ಬೀಳುತ್ತದೆ. ಓದುವ ಹುಡುಗ, ಹಿಂದೆ ಒಂದು ಕೇಸೂ ಇಲ್ಲ, ಅಪ್ಪ ಅಮ್ಮ ಊರಲ್ಲೇ ಇದ್ದಾರೆ, ಗಾಯಗೊಂಡವನು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಜಾಮೀನು ಸಿಗುತ್ತದೆ. ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಅರ್ಜಿಯ ಜೊತೆ ಇದ್ದರೆ ಒಳ್ಳೆಯದು.

ಸಿಕ್ಕಿತೆಂದು ಇಟ್ಟುಕೊಳ್ಳಿ. ಆದೇಶದಲ್ಲಿ 'ಒಂದು ಲಕ್ಷ ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು' ಎಂದಿದೆ. ಅಪ್ಪನ ಎದೆ ಧಸಕ್ಕೆಂದಿತು. 'ಮೂವತ್ತು ಸಾವಿರ ಹೊಂದಿಸಿದ್ದೀನಿ ಸ್ವಾಮಿ, ಮಿಕ್ಕಿದ್ದು ಕಂತಲ್ಲಿ ಕಟ್ಟಬಹುದಾ?' ಎಂದು ವಕೀಲರನ್ನು ಕೇಳಿದ. ಅಪ್ಪನಂತೆಯೇ ಬಹಳ ಜನ ತಿಳಿದಿದ್ದಾರೆ. ಒಂದು ಲಕ್ಷ ಯಾರೂ ಕಟ್ಟಬೇಕಿಲ್ಲ. ಮುಚ್ಚಳಿಕೆಯೆಂದರೆ ಮಾತು ಕೊಡುವುದು: ವಾಯಿದೆಗೆ ಬರುತ್ತೇನೆ, ಬಾರದಿದ್ದರೆ ಇಷ್ಟು ಹಣ ಮುಟ್ಟುಗೋಲಾಗಲಿ ಎಂದು. ಜಾಮೀನುದಾರ ಕೊಡುವುದೂ ಅದೇ ಮಾತು: ಅವನನ್ನು ಕರೆತರುವ ಹೊಣೆ ನನ್ನದು, ಬಾರದಿದ್ದರೆ ನನ್ನಿಂದ ವಸೂಲು ಮಾಡಿ ಎಂದು. ಹುಡುಗ ಪ್ರತಿ ವಾಯಿದೆಗೆ ಬಂದರೆ ಯಾರ ಜೇಬಿನಿಂದಲೂ ಕಾಸು ಹೋಗುವುದಿಲ್ಲ. ನಗದು ಠೇವಣಿ ಇಡಿ ಎಂದು ಕೆಲವೊಮ್ಮೆ ಆದೇಶವಾಗುವುದುಂಟು, ಅದು ಬೇರೆ. 'ಬೇಲ್ ದುಡ್ಡು ಕಟ್ಟಬೇಕು' ಎಂದು ಅಂಗಳದಲ್ಲಿ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಆದೇಶದ ಪ್ರತಿ ತೋರಿಸಿ ಎನ್ನಬೇಕು. ಆದೇಶ ಇಂಗ್ಲಿಷಿನಲ್ಲಿರುತ್ತದೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಮಗನನ್ನು ಬಿಡಿಸುವ ಕಾಗದ ಇಂಗ್ಲಿಷು. ಓದಿ ಹೇಳುವವರಿಗೇ ಮೊದಲು ಟೀ ಕುಡಿಸಬೇಕಾಗುತ್ತದೆ.

ಇನ್ನು ಇಬ್ಬರು ಜಾಮೀನುದಾರರು. ಗಾರೆ ಕೆಲಸದವನಿಗೆ ಪಹಣಿ ಎಲ್ಲಿಂದ ಬರಬೇಕು? ಮೇಸ್ತ್ರಿಯನ್ನು ಕೇಳಿದ, ಮೇಸ್ತ್ರಿಯ ಜಮೀನಿನ ಮೇಲೆ ಬ್ಯಾಂಕಿನ ಸಾಲವಿದೆ. ಊರಿನ ಹಿರಿಯರನ್ನು ಕೇಳಿದ, ಅವರ ಮಕ್ಕಳು 'ನಾಳೆ ಹುಡುಗ ಓಡಿಹೋದರೆ?' ಎಂದರು. ಕೊನೆಗೆ ನೆನಪಾದದ್ದು ಹೆಂಡತಿಯ ತಮ್ಮ. ಅವನಿಗೆ ಎರಡೆಕರೆ ಇದೆ, ಅಕ್ಕನ ಮಗನೆಂದರೆ ಪ್ರಾಣ. ಆದರೆ ಆ ಎರಡೆಕರೆ ಇರುವುದು ಹಿಂದೂಪುರದ ಕಡೆ. ಗೌರಿಬಿದನೂರಿಗೆ ಹಿಂದೂಪುರವೆಂದರೆ ಪಕ್ಕದೂರು. ಹೆಣ್ಣು ಕೊಡುವುದು, ತರುವುದು, ಸಂತೆ, ಆಸ್ಪತ್ರೆ ಎಲ್ಲ ಅಲ್ಲಿಗೂ ಇಲ್ಲಿಗೂ. ಕಾಗದದ ಮೇಲೆ ಮಾತ್ರ ಅದು ಆಂಧ್ರಪ್ರದೇಶ. ಬೇರೆ ರಾಜ್ಯದ ಜಮೀನಿನ ಮೇಲೆ ಜಾಮೀನು ಒಪ್ಪುತ್ತಾರೆಯೇ ಎಂದು ಗುಮಾಸ್ತರು ತಲೆಯಾಡಿಸಿದರು.

ಇದೇ ತಲೆಯಾಡಿಸುವಿಕೆ ಒಮ್ಮೆ ದೆಹಲಿಯ ತನಕ ಹೋಗಿತ್ತು. ಕಾಕತಾಳೀಯವೆಂಬಂತೆ ಅಲ್ಲಿಯೂ ಇದ್ದವನು ಗಾರೆ ಕೆಲಸದವನು. ಮಧ್ಯಪ್ರದೇಶದ ಮೋತಿರಾಮನಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಗೆ ಜಾಮೀನುದಾರನನ್ನು ಕೇಳಿದರು. ತಮ್ಮ ಮುಂದೆ ಬಂದ ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪಲಿಲ್ಲ. ಅವನು ಮತ್ತೆ ಸುಪ್ರೀಂ ಕೋರ್ಟಿಗೆ ಬಂದ. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಇಂದಿಗೂ ಓದಬೇಕಾದದ್ದು. ಒಂದೇ ದೇಶದ ಪ್ರಜೆಯನ್ನು ಪಕ್ಕದ ಜಿಲ್ಲೆಯವನೆಂದು ಪರಕೀಯನಾಗಿ ಕಾಣುವುದು ಯಾವ ಕಾನೂನೆಂದು ಅವರು ಸಿಟ್ಟಾದರು. ಹತ್ತು ಸಾವಿರವನ್ನು ತೆಗೆದು ಒಂದು ಸಾವಿರ ರೂಪಾಯಿಯ ಅವನದೇ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು. ಮನುಷ್ಯನಿಗೆ ಊರಲ್ಲಿ ಬೇರುಗಳಿವೆಯೇ, ಮನೆ ಮಕ್ಕಳು ಕೆಲಸ ಇದೆಯೇ ಎಂದು ನೋಡಿ, ಹಣದ ಪಟ್ಟಿ ಕಟ್ಟಬೇಡಿ ಎಂಬುದು ಅದರ ಸಾರ. ಮರುವರ್ಷ ಬಿಹಾರದ ಜೈಲುಗಳ ಹುಸ್ನಾರಾ ಖಾತೂನ್ ಪ್ರಕರಣ ಬಂತು. ತಮ್ಮ ಮೇಲಿನ ಆರೋಪ ಸಾಬೀತಾಗಿದ್ದರೆ ಆಗಬಹುದಾಗಿದ್ದ ಪೂರ್ತಿ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿದ್ದರು. ಜಾಮೀನಿಗೆ ಅವರಲ್ಲಿ ಕಾಸಿರಲಿಲ್ಲ.

ಈ ತೀರ್ಪುಗಳು ಬಂದು ನಲವತ್ತು ವರ್ಷ ದಾಟಿದ ಮೇಲೂ, 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಸರಿಸುಮಾರು ಮುಕ್ಕಾಲು ಪಾಲು. ಜಾಮೀನು ಸಿಕ್ಕಿಯೂ ಶೂರಿಟಿ ಸಿಗದೆ ಒಳಗೇ ಉಳಿದವರ ಸಂಗತಿ ಮತ್ತೆ ಸುಪ್ರೀಂ ಕೋರ್ಟಿಗೆ ಬಂತು. 2023ರ ಜನವರಿ 31ರಂದು ಅದು ಕೊಟ್ಟ ನಿರ್ದೇಶನಗಳು ಪಹಣಿ ಇಲ್ಲದ ಪ್ರತಿ ಮನೆಯವರಿಗೂ ಗೊತ್ತಿರಬೇಕಾದವು. ಜಾಮೀನು ಆದೇಶದ ಪ್ರತಿಯನ್ನು ಅಂದೋ ಮರುದಿನವೋ ಜೈಲಿನ ಮೂಲಕ ಕೈದಿಗೆ ತಲುಪಿಸಬೇಕು. ಏಳು ದಿನದಲ್ಲಿ ಅವನು ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ಕೋರ್ಟು ತಾನೇ ಮುಂದಾಗಿ ಷರತ್ತು ಸಡಿಲಿಸಬಹುದೇ ನೋಡಬೇಕು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವೇ ಬಿಡುಗಡೆಗೆ ಅಡ್ಡಿಯಾಗಿರುವಾಗ ಅಂಥ ಷರತ್ತು ಹಾಕದಿರುವುದು ಲೇಸು ಎಂದೂ ಅದು ಹೇಳಿತು. ಹಿಂದೂಪುರದ ಸೋದರಮಾವನಿಗೆ ಬಾಗಿಲು ತೆರೆಯುವುದು ಇಲ್ಲಿ. ಗುಮಾಸ್ತರು ತಲೆಯಾಡಿಸಿದರೂ ವಕೀಲರು ನ್ಯಾಯಾಧೀಶರ ಮುಂದೆ ಕೇಳಬೇಕು.

ಇಷ್ಟಾದರೂ ಅಂಗಳದಲ್ಲಿ ಇನ್ನೊಂದು ಸುಲಭದ ದಾರಿ ತೋರಿಸುವವರಿರುತ್ತಾರೆ. ಬಾಡಿಗೆಗೆ ಜಾಮೀನು ನಿಲ್ಲುವವರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಇಷ್ಟು ಕೊಟ್ಟರೆ ಸಹಿ ಹಾಕುತ್ತಾರೆ. ಪಹಣಿ ಖೋಟಾ ಎಂದು ಬಯಲಾದ ದಿನ ಹುಡುಗನ ಜಾಮೀನೂ ಹೋಗುತ್ತದೆ, ಹೊಸದೊಂದು ಕೇಸೂ ಬೀಳುತ್ತದೆ. ಹಾಗೆಂದು ನಿಜವಾದ ಜಾಮೀನುದಾರ ಹೆದರಬೇಕಿಲ್ಲ. ಹುಡುಗನ ನಡತೆ ಕೆಟ್ಟಿತೆಂದು ಅನ್ನಿಸಿದರೆ ನನ್ನನ್ನು ಹೊಣೆಯಿಂದ ಬಿಡಿಸಿ ಎಂದು ಅವನು ಕೋರ್ಟಿಗೆ ಅರ್ಜಿ ಕೊಡಬಹುದು.

ವಕೀಲರ ಫೀಸಿಗೂ ಗತಿಯಿಲ್ಲವೆಂದರೆ? ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಹೇಳುತ್ತದೆ. ತಾಲ್ಲೂಕು ಕೋರ್ಟುಗಳಲ್ಲೇ ಅದರ ಸಮಿತಿಗಳಿವೆ, 15100ಕ್ಕೆ ಫೋನು ಮಾಡಿದರೂ ಆಗುತ್ತದೆ.

ಸಣ್ಣ ಆರೋಪದವರಿಗೆ ಇನ್ನೊಂದು ದಾರಿಯಿದೆ. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲು ಕದ್ದನೆಂದು ಒಬ್ಬನನ್ನು ಹಿಡಿದರೆಂದು ಇಟ್ಟುಕೊಳ್ಳಿ. ಸಾಮಾನ್ಯ ಕಳ್ಳತನಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಮೊದಲ ಬಾರಿಯ ಆರೋಪಿಯಾದರೆ ಅದರ ಮೂರನೆಯ ಒಂದು ಭಾಗ, ಅಂದರೆ ಒಂದು ವರ್ಷ ಒಳಗಿದ್ದರೆ, ಉಳಿದವರಾದರೆ ಅರ್ಧಭಾಗ ಒಳಗಿದ್ದರೆ, ಬಿಡಬೇಕೆಂದು ಹೊಸ ಸಂಹಿತೆಯಲ್ಲಿದೆ. ಅರ್ಜಿಯನ್ನು ಜೈಲಿನ ಅಧಿಕಾರಿಯೇ ಹಾಕಬೇಕು. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜೀವಾವಧಿ, ಮರಣದಂಡನೆಯ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದಿಲ್ಲ. ಒಂದು ಮೊಬೈಲಿಗೆ ಒಂದು ವರ್ಷ ಎಂಬುದೇ ಸೌಲಭ್ಯವೆನಿಸಿಕೊಂಡಿರುವುದು ಬೇರೆ ಮಾತು.

ಹುಡುಗನಿಗೆ ಹದಿನೆಂಟು ತುಂಬಿಲ್ಲವೆಂದರೆ ಇಡೀ ದಾರಿಯೇ ಬೇರೆ. ಶಿಡ್ಲಘಟ್ಟದಲ್ಲಿ ಹದಿನಾರರ ಪಿ.ಯು. ಹುಡುಗನೊಬ್ಬ, ಕಾಲೇಜು ಬಿಟ್ಟ ಮೇಲೆ ಅಪ್ಪನ ಜೊತೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವವನು, ಅಲ್ಲಿ ಜಗಳದಲ್ಲಿ ಸಿಕ್ಕಿಬಿದ್ದನೆನ್ನಿ. ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅಪರಾಧ ಯಾವುದೇ ಇರಲಿ ಮಗುವಿಗೆ ಜಾಮೀನೇ ನಿಯಮ. ಬಿಟ್ಟರೆ ಕೆಟ್ಟವರ ಕೈಗೆ ಸಿಗುತ್ತಾನೆ, ಅವನಿಗೇ ಅಪಾಯ ಅಥವಾ ನ್ಯಾಯಕ್ಕೆ ಧಕ್ಕೆ ಎಂದು ಕಂಡರಷ್ಟೇ ತಡೆಯಬಹುದು, ಆಗಲೂ ಕಳಿಸುವುದು ವೀಕ್ಷಣಾಲಯಕ್ಕೆ. ಪಹಣಿಯ ಮಾತೂ ಇಲ್ಲದೆ ತಂದೆತಾಯಿಯ ಸುಪರ್ದಿಗೆ ಒಪ್ಪಿಸಬಹುದು. ಅವನ ಹೆಸರು, ಫೋಟೋ ಪತ್ರಿಕೆಯಲ್ಲಿ ಬರಕೂಡದು. ಇಲ್ಲಿ ಪಹಣಿಗಿಂತ ಮುಖ್ಯವಾದ ಕಾಗದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ವಯಸ್ಸು ನಿರ್ಧರಿಸಲು ಮೊದಲು ನೋಡುವುದು ಶಾಲೆಯ ಅಥವಾ ಎಸ್ಸೆಸ್ಸೆಲ್ಸಿಯ ಜನ್ಮದಿನಾಂಕ. ಶಾಲೆಗೆ ಬೇಗ ಸೇರಿಸಲೆಂದು ಮೇಷ್ಟರಿಂದ ಜೂನ್ ಒಂದನೇ ತಾರೀಕು ಬರೆಸಿದ ಮನೆಗಳವರು ಆ ಒಂದು ಸಾಲು ಮುಂದೆ ಏನೇನು ಮಾಡಬಹುದೆಂದು ಎಣಿಸಿರುವುದಿಲ್ಲ.

ಇಷ್ಟೆಲ್ಲ ಓದಿದವರು ಹೀಗೆ ಎಲ್ಲರನ್ನೂ ಬಿಡುತ್ತಾ ಹೋದರೆ ಪೆಟ್ಟು ತಿಂದವನ ಗತಿಯೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಸೀಮೆಯಲ್ಲಿ ಅದನ್ನು ಕಂಬಾಲಪಲ್ಲಿಯನ್ನು ಬಿಟ್ಟು ಮಾತಾಡಲಾಗುವುದಿಲ್ಲ. ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯದಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜೀವ ಹೋದವು, ಕಾನೂನಿನ ಲೆಕ್ಕದಲ್ಲಿ ಕೊಂದವರು ಯಾರೂ ಇಲ್ಲ. 'ಸಾಕ್ಷಿಗಳನ್ನು ಬೆದರಿಸಿಯಾನೇ' ಎಂದು ಜಾಮೀನಿನ ಹೊತ್ತಿಗೆ ನ್ಯಾಯಾಧೀಶರು ಕೇಳುವ ಪ್ರಶ್ನೆ ಬರಿಯ ಶಾಸ್ತ್ರವಲ್ಲವೆಂದು ತಿಳಿಯಬೇಕಾದರೆ ಕಂಬಾಲಪಲ್ಲಿಯ ಕಡತ ನೋಡಬೇಕು. ಸಾಕ್ಷಿ ಹೇಳುವವನು ಅದೇ ಊರಲ್ಲಿ, ಅದೇ ದಾರಿಯಲ್ಲಿ, ಅದೇ ಜನರ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕು. ದಲಿತರ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ನಿರೀಕ್ಷಣಾ ಜಾಮೀನು ಇಲ್ಲವೆಂದು 1989ರ ಕಾಯಿದೆ ಹೇಳಿದ್ದು ಇದಕ್ಕಾಗಿ. 2016ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಜಾಮೀನು ಅರ್ಜಿಯ ವಿಚಾರಣೆಗೆ ನೊಂದವರಿಗೆ ತಿಳಿಸಬೇಕು, ಅವರ ಮಾತೂ ಕೇಳಬೇಕು ಎಂದಾಯಿತು. ಆರೋಪಿಯನ್ನು ಬಿಡುವಾಗ ಆ ಊರಿಗೆ ಕಾಲಿಡಬಾರದು, ಸಾಕ್ಷಿಗಳ ಬಳಿ ಸುಳಿಯಬಾರದು ಎಂದು ಷರತ್ತು ಹಾಕಬಹುದು, ಮುರಿದರೆ ಜಾಮೀನು ರದ್ದುಮಾಡಬಹುದು. ಬಡವ ಒಳಗೇ ಕೊಳೆಯುವುದೂ ಬಲವಂತ ಹೊರಗೆ ನಿಂತು ಕಣ್ಣು ಕೆಂಪಗೆ ಮಾಡುವುದೂ ಒಂದೇ ಕಾನೂನಿನ ಕೆಳಗೆ ನಡೆಯುತ್ತವೆ. ಪಹಣಿಯ ದಪ್ಪವನ್ನು ನೋಡುವುದರ ಬದಲು ಮನುಷ್ಯನನ್ನು ನೋಡಿದ್ದರೆ ಎರಡೂ ಕಡಿಮೆಯಾಗುತ್ತಿದ್ದವು.

ಗೌರಿಬಿದನೂರಿನ ಹುಡುಗನ ಮಾವ ಮುಂಜಾನೆಯ ಬಸ್ಸಿಗೆ ಬಂದ. ಅವನ ಜೊತೆ ಎರಡನೆಯವನಾಗಿ ಮೇಸ್ತ್ರಿಯೇ ಸಹಿ ಹಾಕಲು ಒಪ್ಪಿದ. ಆದೇಶ ಜೈಲು ತಲುಪಿ ಹುಡುಗ ಹೊರಬಂದಾಗ ಸಂಜೆ ಏಳಾಗಿತ್ತು, ಪರೀಕ್ಷೆಗೆ ಹದಿನಾರು ದಿನ ಉಳಿದಿತ್ತು. ಪ್ರತಿ ಭಾನುವಾರ ಹತ್ತಕ್ಕೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಅನುಮತಿಯಿಲ್ಲದೆ ಜಿಲ್ಲೆ ಬಿಡುವಂತಿಲ್ಲ. ಹಿಂದೂಪುರದ ಅಜ್ಜಿಯ ಮನೆಗೆ ಹೋಗಬೇಕಾದರೂ ಕೋರ್ಟನ್ನು ಕೇಳಬೇಕು. ಪರೀಕ್ಷೆಯ ವೇಳಾಪಟ್ಟಿ ಬಂದ ದ ದಿನ ಅಮ್ಮ ಅದನ್ನು ವಾಯಿದೆಯ ಚೀಟಿಯ ಪಕ್ಕಕ್ಕಿಟ್ಟು ನೋಡಿದಳು. ಕಾಸ್ಟ್ ಅಕೌಂಟಿಂಗ್ ಪತ್ರಿಕೆಯೂ ವಾಯಿದೆಯೂ ಒಂದೇ ದಿನ. ಸುಮ್ಮನೆ ತಪ್ಪಿಸಿಕೊಂಡಿದ್ದರೆ ವಾರಂಟು ಹೊರಡುತ್ತಿತ್ತು, ಮುಚ್ಚಳಿಕೆ ಮುಟ್ಟುಗೋಲಾಗಿ ಮಾವನ ಎರಡೆಕರೆಗೆ ನೋಟಿಸು ಹೋಗುತ್ತಿತ್ತು. ಅಮ್ಮ ಎರಡು ಚೀಟಿಗಳನ್ನೂ ಹಾಲ್ ಟಿಕೆಟಿನ ಜೆರಾಕ್ಸನ್ನೂ ಹಿಡಿದು ಒಂದು ವಾರ ಮೊದಲೇ ವಕೀಲರ ಮನೆಗೆ ಹೋದಳು. ಆ ಒಂದು ದಿನದ ಗೈರುಹಾಜರಿಗೆ ವಿನಾಯಿತಿ ಕೋರಿ ಅರ್ಜಿ ಬರೆದಾಯಿತು. ವಕೀಲರು ಹಾಲ್ ಟಿಕೆಟಿನ ಮೇಲಿನ ಫೋಟೋ ನೋಡಿ, 'ಇದರಲ್ಲಿ ಇನ್ನೂ ಮೀಸೆ ಬಂದಿಲ್ಲ' ಎಂದು ಅರ್ಜಿಗೆ ಪಿನ್ನು ಹೊಡೆದರು.